ಅಪ್ಪ ಕೊಡದ ಉದಾಹರಣೆ

ಈರುಳ್ಳಿ ಕೀಳುವ ದಿನಗಳೂ ಕಾವ್ಯ ಓದುವ ಸೋಮವಾರಗಳೂ ಒಟ್ಟಿಗೇ ಬರುತ್ತಿದ್ದ ಕಾಲ ಅದು. ಅಜ್ಜಂಪುರಕ್ಕೆ ಹತ್ತಿರದ ನಮ್ಮ ಊರಿನಲ್ಲಿ ಶ್ರಾವಣ ಬಂತೆಂದರೆ ಗಾಳಿಗೂ ಹಾಸಿಗೆಗೂ ಅಮ್ಮನ ಸೆರಗಿಗೂ ಈರುಳ್ಳಿಯದೇ ಘಾಟು. ಮಧ್ಯಾಹ್ನ ಹೊಲದಲ್ಲೇ ಊಟ: ರಾಗಿರೊಟ್ಟಿ, ಕೆಂಪು ಚಟ್ನಿ, ಆಗಷ್ಟೇ ಕಿತ್ತು ಕಲ್ಲಿನ ಮೇಲಿಟ್ಟು ಗುದ್ದಿದ ಈರುಳ್ಳಿ. ಸೋಮವಾರ ಸಂಜೆ ಮಾತ್ರ ಎಲ್ಲರೂ ಬೇಗ ಕೈಕಾಲು ತೊಳೆದು ಮಠದ ಜಗಲಿಗೆ ಬರುತ್ತಿದ್ದರು. ಸಿದ್ದಪ್ಪಜ್ಜ ಹಳೆಯ ಕಾವ್ಯದ ಒಂದೊಂದೇ ಪದ್ಯ ಹಾಡುತ್ತಿದ್ದರು, ನಮ್ಮಪ್ಪ ಅರ್ಥ ಹೇಳುತ್ತಿದ್ದರು.

ಅರ್ಥ ಹೇಳುವುದಕ್ಕೆ ನಮ್ಮಲ್ಲೊಂದು ಪದ್ಧತಿಯಿತ್ತು. ಪ್ರತಿ ಪದ್ಯಕ್ಕೂ ಊರಿನದೇ ಒಂದು ಉದಾಹರಣೆ ಕೊಡಬೇಕು. ಹೆಸರು ಹೇಳುವಂತಿಲ್ಲ, ಆದರೆ ಯಾರೆಂದು ಕೂತವರಿಗೆ ಗೊತ್ತಾಗಬೇಕು. ಕಾವ್ಯದಲ್ಲಿ ದಾಯಾದಿಗಳ ಹೊಟ್ಟೆಕಿಚ್ಚಿನ ಪ್ರಸಂಗ ಬಂದಾಗ ಅಪ್ಪ, "ಪಕ್ಕದೋನ ಬೋರಲ್ಲಿ ನೀರು ಬಂತು ಅಂತ ಉಣ್ಣದೇ ಮಲಗಿದೋರು ನಮ್ಮಲ್ಲೂ ಅವ್ರೆ" ಎಂದಿದ್ದರು. ಜನವೆಲ್ಲ ಒಬ್ಬನ ಕಡೆಗೇ ತಿರುಗಿತು. "ಸಾಕು ಬಿಡ್ರಪ್ಪಾ, ಈಗ ಎರಡೊತ್ತೂ ಉಣ್ತಾ ಇವ್ನಿ" ಎಂದು ಅವನೇ ಮೊದಲು ನಕ್ಕ.

ನಾನಾಗ ಏಳನೇ ಕ್ಲಾಸು. ದಿನಚರಿ ಬರೆಯುವ ಚಟ ಆಗಲೇ ಹತ್ತಿತ್ತು. ಸೋಮವಾರಕ್ಕೊಂದು ಹಾಳೆ, ಪದ್ಯದ ವಿಷಯ ಒಂದು ಕಡೆ, ಅಪ್ಪನ ಉದಾಹರಣೆ ಇನ್ನೊಂದು ಕಡೆ. ಅಷ್ಟು ಹೆಮ್ಮೆ ನನಗೆ ಅಪ್ಪನ ಮೇಲೆ.

ನಮ್ಮ ಪಕ್ಕದ ಹೊಲ ರಹಮತ್ ಸಾಬರದು. ಅವರೂ ಸೋಮವಾರ ತಪ್ಪದೆ ಬಂದು ಜಗಲಿಯ ಕಂಬಕ್ಕೊರಗಿ ಕೂರುತ್ತಿದ್ದರು. ಅವರ ಮಗಳು ನಸ್ರೀನ್ ನನ್ನದೇ ಕ್ಲಾಸು. ನಮ್ಮ ಹೊಲದಂಚಿನಲ್ಲಿ ತಗಡಿನ ಶೆಡ್ಡಿತ್ತು, ಆ ಕಡೆಗೆಲ್ಲ ಅದೊಂದೇ. ಖಾಲಿಯಿದ್ದಾಗ ಅದರ ಸಿಮೆಂಟು ನೆಲದ ಮೇಲೆ ನಾವಿಬ್ಬರೂ ಕುಂಟೆಬಿಲ್ಲೆ ಆಡುತ್ತಿದ್ದೆವು.

"ಲೇ, ಗೆರೆ ತುಳಿದೆ ಕಣೇ!"

"ಇಲ್ಲ ಕಣೇ! ಈರುಳ್ಳಿ ಹೆಚ್ಚಿ ಹೆಚ್ಚಿ ನಿನ್ ಕಣ್ಣು ಮಂಜಾಗ್ಬಿಟ್ಟದೆ."

ಆ ವರ್ಷ ನಮ್ಮ ಈರುಳ್ಳಿ ಬೇಗ ಮಾರಾಟವಾಗಿ ಶೆಡ್ಡು ಖಾಲಿಯಿತ್ತು. ರಹಮತ್ ಸಾಬರ ಬೆಳೆ ಕೀಳುವ ಹದಕ್ಕೆ ಬಂದಿತ್ತು. ಆಕಾಶ ನಂಬುವಂತಿರಲಿಲ್ಲ, ಕಿತ್ತಿದ್ದು ನೆನೆದರೆ ಕೊಳೆತುಹೋಗುತ್ತದೆ. ಅವರು ಬದುವಿನ ಮೇಲೆ ನಿಂತು ಕೇಳಿದರು, "ಕೀಳ್ಲಾ, ತಡೀಲಾ ಶಿವಣ್ಣ?"

"ಕೀಳಿ ಸಾಬ್ರೇ" ಅಂದರು ಅಪ್ಪ. "ಮೋಡ ಕಟ್ಟಿದ್ರೆ ತಂದು ಶೆಡ್ಡಿಗೆ ಹಾಕ್ಕೊಳಿ. ಅದು ನಿಮ್ದೇ ಅಂದ್ಕೊಳಿ. ನಾನ್ ಹೇಳಿದ್ ಮೇಲೆ ಮುಗೀತು."

ಆ ಮಾತಿನ ಮೇಲೆ ಅವರು ಇಡೀ ಬೆಳೆ ಕಿತ್ತರು.

ಶನಿವಾರ ಸಂಜೆ ತರೀಕೆರೆ ಕಡೆಯಿಂದ ನಮ್ಮ ಮಾವ, ಅಂದರೆ ಅಪ್ಪನ ತಂಗಿಯ ಗಂಡ, ಟ್ರ್ಯಾಕ್ಟರಿನಲ್ಲಿ ತಮ್ಮ ಈರುಳ್ಳಿ ಹೇರಿಕೊಂಡು ಬಂದುಬಿಟ್ಟರು. ಮೊದಲು ಒಂದು ಫೋನೂ ಇಲ್ಲ. "ಭಾವನ ಶೆಡ್ಡಿಗೆ ಕೇಳೋದೇನದೆ" ಎನ್ನುತ್ತಲೇ ಸುರಿಸಿದರು. ಶೆಡ್ಡು ಬಾಗಿಲವರೆಗೆ ತುಂಬಿತು.

ಮನೆಗೆ ಬಂದ ಅಪ್ಪನಿಗೆ ಅಮ್ಮ ಅಡಿಗೆಮನೆಯಿಂದಲೇ ಪಿಸುಗುಟ್ಟಿದಳು, "ಸಾಬ್ರಿಗೆ ಮಾತು ಕೊಟ್ಟಿದ್ರಲ್ಲಾ?"

"ಸುಮ್ನಿರೇ. ಮನೆ ಅಳಿಯಂಗೆ ವಾಪಸ್ ತಗೊಂಡೋಗು ಅನ್ನಕಾಯ್ತದಾ? ಸಾಬ್ರು ದೊಡ್ಡ ಮನಸ್ಸಿನೋರು."

ಭಾನುವಾರ ಬೆಳಗ್ಗೆ ಹಿಡಿದ ಮಳೆ ಸೋಮವಾರ ಮಧ್ಯಾಹ್ನ ಬಿಟ್ಟಿತು. ಟಾರ್ಪಾಲು ಸಾಲದೆ ಸಾಬರ ಬೆಳೆಯ ಮುಕ್ಕಾಲು ಪಾಲು ಕೆಸರಿನಲ್ಲಿ ಮುಳುಗಿತ್ತು. ನಸ್ರೀನ್ ಶಾಲೆಗೆ ಬಂದಿರಲಿಲ್ಲ. ಹುಡುಕಿಕೊಂಡು ಹೋದರೆ ಹೊಲದಲ್ಲಿ ಕೂತು, ಗಟ್ಟಿಯಾಗಿ ಉಳಿದವನ್ನು ಆರಿಸುತ್ತಿದ್ದಳು.

"ಬಾರೇ, ನಾನೂ ಆರಿಸ್ತೀನಿ" ಅಂದೆ.

"ಬ್ಯಾಡ, ಹೋಗು. ನಿಮ್ಮಪ್ಪ ಹೇಳಿದ್ಕೇ ಅಬ್ಬಾ ಕಿತ್ತಿದ್ದು." ತಲೆ ಎತ್ತಲಿಲ್ಲ ಅವಳು.

ಅದೇ ಸಂಜೆಯ ಪದ್ಯಗಳು, ಎಂದೋ ಕೊಟ್ಟ ಮಾತಿಗಾಗಿ ಹೆತ್ತ ಮಗನನ್ನೇ ದೂರಮಾಡಿಕೊಂಡ ಅರಸನೊಬ್ಬನವು. ಸಿದ್ದಪ್ಪಜ್ಜನ ದನಿ ನಡುಗಿತು. ಅರ್ಥ ಹೇಳುತ್ತಾ ಅಪ್ಪ ಕಣ್ಣೊರೆಸಿಕೊಂಡರು, ನಾಟಕವಲ್ಲ, ನಿಜವಾದ ಕಣ್ಣೀರೇ. ಉದಾಹರಣೆಯ ಹೊತ್ತಿಗೆ ಮಾತ್ರ ನಮ್ಮೂರು ಬಿಟ್ಟು ಕಡೂರು ಸಂತೆಗೆ ಹೋದರು. ಅಲ್ಲಿ ಹಿಂದೆ ಯಾರೋ ಒಬ್ಬ ಬರೀ ಬಾಯಿಮಾತಿನ ಮೇಲೆ ಜೋಡಿ ಎತ್ತು ಬಿಟ್ಟುಕೊಟ್ಟನಂತೆ. ರಹಮತ್ ಸಾಬರು ಕಂಬಕ್ಕೊರಗಿ ಕೂತೇ ಇದ್ದರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಅಪ್ಪಾ, ಎಲ್ಲಾರ ಮನೆ ಉದಾಹರಣೆ ಆಯ್ತಲ್ಲ. ಇದಕ್ಕೆ ನಮ್ಮ ಶೆಡ್ಡಿಂದು ಯಾಕೆ ಹೇಳ್ಲಿಲ್ಲ?"

ಅಪ್ಪ ಒಂದು ಕ್ಷಣ ನೆಲ ನೋಡಿದರು. ಈಗ ಹೇಳುತ್ತಾರೆ, ತಪ್ಪಾಯ್ತು ಅನ್ನುತ್ತಾರೆ ಎಂದುಕೊಂಡೆ. ಅವರು ಮುಖವೆತ್ತಿ ನಕ್ಕರು.

"ಒಳ್ಳೇ ಪ್ರಶ್ನೆ ಮಗಾ. ಅರಸಂಗೆ ಒಂದೇ ಧರ್ಮ, ಕೊಟ್ಟ ಮಾತು. ಸಂಸಾರಸ್ಥಂಗೆ ಹತ್ತು ಕಡೆ ಎಳೆತ. ಕಾವ್ಯ ಅನ್ನೋದು ಚುಕ್ಕಿ ಇದ್ದಂಗೆ. ನೋಡ್ಕೊಂಡು ನಡೀಬೋದು, ಕಿತ್ಕೊಂಡು ಬಂದು ಮನೇಲಿ ದೀಪ ಹಚ್ಚಕಾಯ್ತದಾ?"

"ಅಬ್ಬಬ್ಬಾ, ಎಂಥಾ ಮಾತು ಶಿವಣ್ಣ!" ಎಂದು ಯಾರೋ ತೊಡೆ ತಟ್ಟಿದರು. ತಲೆಗಳೆಲ್ಲ ತೂಗಿದವು. ಒಬ್ಬಾಕೆ ನನ್ನ ಲಂಗ ಹಿಡಿದು ಕೂರಿಸಿ, "ಏನ್ ಬಾಯಿ ತಾಯೀ ಇವಳ್ದು" ಎಂದು ನಕ್ಕಳು. ಸಿದ್ದಪ್ಪಜ್ಜ ಮುಂದಿನ ಪದ್ಯ ಎತ್ತಿಕೊಂಡರು. ಅದು ಮುಗಿಯುವಷ್ಟರಲ್ಲಿ ರಹಮತ್ ಸಾಬರು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋಗಿದ್ದರು.

ಇವತ್ತಿಗೂ ನನಗೆ ಮೈ ಉರಿಯುವುದು ಆ ತಲೆದೂಗಾಟಕ್ಕೆ. ಪಕ್ಕದ ಮನೆಯ ಬೋರಿಗೆ, ಎದುರು ಮನೆಯ ಜಗಳಕ್ಕೆ ತಟಕ್ಕನೆ ಹೊಂದುತ್ತಿದ್ದ ಕಾವ್ಯ, ನಮ್ಮ ಶೆಡ್ಡಿನ ಬಾಗಿಲಿಗೆ ಬಂದ ಕೂಡಲೇ ಆಕಾಶಕ್ಕೆ ಏರಿಬಿಟ್ಟಿತು. ನನ್ನ ಪ್ರಶ್ನೆಯೂ ಅಪ್ಪನ ಜಾಣತನಕ್ಕೊಂದು ಅವಕಾಶವಾಯಿತೇ ಹೊರತು ಉತ್ತರ ಸಿಗಲಿಲ್ಲ. ಆಮೇಲೆ ಅಪ್ಪ ಊರಿನ ಉದಾಹರಣೆ ಕೊಡುವುದನ್ನೇ ಬಿಟ್ಟರು. ಕೇಳುವವರು ಕಡಿಮೆಯಾದರು, ಸೋಮವಾರಗಳು ನಿಂತವು. ಮೊಬೈಲು ಬಂದು ಎಲ್ಲ ಹಾಳಾಯಿತೆಂದು ಅಪ್ಪ ಈಗ ಬಂದವರ ಮುಂದೆಲ್ಲ ಹಳಹಳಿಸುತ್ತಾರೆ. ಎದ್ದು ಒಳಗೆ ಹೋಗುತ್ತೇನೆ ನಾನು.

ಹೋದ ಬೇಸಿಗೆಯಲ್ಲಿ ನಮ್ಮ ಸ್ಪ್ರಿಂಕ್ಲರ್ ಪೈಪುಗಳು ಒಡೆದು, ನಾಲ್ಕು ದಿನದ ಮಟ್ಟಿಗೆ ಕೇಳಿ ತರಲು ಅಪ್ಪ ನನ್ನನ್ನು ರಹಮತ್ ಸಾಬರ ಮನೆಗೆ ಕಳಿಸಿದರು. ಸಾಬರು ಕೂರಿಸಿ ಚಹಾ ಕೊಡಿಸಿದರು. ಗಂಡನ ಮನೆಯಲ್ಲಿರುವ ನಸ್ರೀನಳ ಸುದ್ದಿ ಹೇಳಿದರು. ಪೈಪುಗಳನ್ನು ತಾವೇ ಹೊರಗೆ ತೆಗೆದಿಟ್ಟರು. ಆಮೇಲೆ ತುಂಬ ಮೆತ್ತಗೆ, "ಯಾವಾಗ ವಾಪಸ್ ಕೊಡ್ತೀರಿ ಅಂತ ಒಂದ್ ಚೀಟೀಲಿ ಬರೆದ್ಬಿಡು ತಾಯಿ. ಕೆಳಗೆ ನಿಮ್ಮಪ್ಪನ ಸೈನ್ ಹಾಕಿಸ್ಕೊಂಡು ಬಾ" ಅಂದರು.

ಊರಿನಲ್ಲಿ ಇನ್ಯಾರ ಹತ್ತಿರವೂ ಅವರು ಚೀಟಿ ಕೇಳುವುದಿಲ್ಲ. ನಾನು ಬರೆದೆ.