ನಾನೂರು ಪಟ್ಟು ಸಾಕಿತ್ತು

ಅಕ್ಕ ಚೆನ್ನಾಗಿದ್ದ ಕೊನೆಯ ದಿನ ನಾವಿಬ್ಬರೂ ಹುಣಸೂರಿನಿಂದ ಮೈಸೂರಿಗೆ ಹೋಗಿ ಅವಳ ಶಾಲೆಗೆಂದು ಒಂದು ಸೂಕ್ಷ್ಮದರ್ಶಕ ತಂದೆವು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ನಾನು ಹೊಗೆಸೊಪ್ಪು ಬೆಳೆಯುವವನು. ಅಂಗಡಿಯವರು ಎರಡನ್ನು ಮುಂದಿಟ್ಟರು. ನಾನೂರು ಪಟ್ಟು ದೊಡ್ಡದಾಗಿ ತೋರಿಸುವುದನ್ನು ಅಕ್ಕ ಕೈಗೆತ್ತಿಕೊಂಡಳು. ಇನ್ನೊಂದರ ಮೇಲೆ ಸಾವಿರದ ಇನ್ನೂರು ಎಂದು ಬರೆದಿತ್ತು.

"ಐದು ಎಚ್‌ಪಿ ಮೋಟರ್ ಸಿಗುವಾಗ ಮೂರರದ್ದು ಯಾರಕ್ಕ ತಗೊತಾರೆ?" ಎಂದೆ.

"ಇದು ಬೋರ್‌ವೆಲ್‌ಗೆ ಇಳಿಸೋದಲ್ಲ ಕಣೋ. ಜೀವಕೋಶ ನೋಡಕ್ಕೆ ನಾನೂರು ಸಾಕು, ಗಾಜು ಚೆನ್ನಾಗಿರಬೇಕು ಅಷ್ಟೇ," ಎಂದು ನಕ್ಕಳು. ನಾನು ಬಿಡಲಿಲ್ಲ. ಕೊನೆಗೆ ಅವಳೇ ಸೋತು ಸಾವಿರದ ಇನ್ನೂರರದನ್ನೇ ಕಟ್ಟಿಸಿಕೊಂಡಳು.

ಸಂಜೆ ಜಗಲಿಯಲ್ಲಿ ಈರುಳ್ಳಿಯ ತೆಳುಪೊರೆ ಇಟ್ಟು ನೋಡಿದರೆ, ಹೇಗೆ ತಿರುಗಿಸಿದರೂ ಬರೀ ಮಬ್ಬು. ಅವಳು ಬೈಯಲಿಲ್ಲ.

"ಬುಡು, ಮುಂದಿನ ವಾರ ಬದಲಾಯಿಸ್ಕೊಂಡು ಬರಾನ. ಮೊದ್ಲು ನಿಂಗೇ ತೋರಿಸ್ತೀನಿ," ಎಂದಳು.

ಮಾರನೆಯ ಬೆಳಿಗ್ಗೆ ಪಾಠ ಮಾಡುತ್ತಲೇ ಕುಸಿದು ಬಿದ್ದು ತೀರಿಕೊಂಡಳು.

ತಿಥಿ ಕಳೆದ ಮೇಲೆ ನಾನೇ ಹೋಗಿ ನಾನೂರರದನ್ನು ತಂದು ಶಾಲೆಗೆ ಕೊಟ್ಟೆ. ಮಕ್ಕಳು "ಬನ್ನಿ ಅಣ್ಣ, ಬಗ್ಗಿ ನೋಡಿ" ಎಂದು ಕರೆದರು. ನನಗೆ ಆಗಲಿಲ್ಲ. ಅಂಗಡಿಯಲ್ಲಿ ಅವಳ ಮಾತು ಕೇಳಿದ್ದರೆ ಆ ಸಂಜೆಯೇ ಅವಳ ಪಕ್ಕದಲ್ಲಿ ಕೂತು ನೋಡಿರುತ್ತಿದ್ದೆ. ಅಕ್ಕ ತೋರಿಸುತ್ತೇನೆಂದ ಜೀವಕೋಶವನ್ನು ನಾನು ಇನ್ನೂ ನೋಡಿಲ್ಲ.