ತೂತಿನ ಕಾಲುಚೀಲದ ಪಾಪಕ್ಕ

ಸುಂಕದಕಟ್ಟೆಯ ನಮ್ಮ ಬೀದಿಯಲ್ಲಿ ಪಾಪಕ್ಕ ಎದುರು ಬಂದರೆ ನಾಯಿಗಳೂ ದಾರಿ ಬಿಡುತ್ತಿದ್ದವು. ಹೆಸರೇನೋ ಪಾಪಮ್ಮ, ಬಾಯಿ ಮಾತ್ರ ಬೆಂಕಿ. ಟ್ಯಾಂಕರ್‌ನವನು ಸರದಿ ತಪ್ಪಿಸಿ ಬೇಕಾದವರಿಗೆ ಮೊದಲು ನೀರು ಬಿಟ್ಟರೆ, ಅವನ ಕಾಲರ್ ಹಿಡಿದು ಕೆಳಗಿಳಿಸಿ ಬಿಂದಿಗೆಯಲ್ಲೇ ಬಾರಿಸುತ್ತಿದ್ದಳು. ಅಂಥವಳು ಸಂಜೆ ಹೊಸ್ತಿಲಲ್ಲಿ ಕೂತು ಹಸುಗೂಸಿನ ಪಾದಕ್ಕೆ ಲೇಸ್ ಕಾಲುಚೀಲ ಹೆಣೆಯುತ್ತಾಳೆ ಅಂದರೆ ಬೀದಿಗೆ ಹೊಸದಾಗಿ ಬಂದವರು ನಂಬುತ್ತಿರಲಿಲ್ಲ. ನಾನು ಲತಾ, ಪಕ್ಕದ ಮನೆಯವಳು, ರವಿಕೆ ಹೊಲಿಯುತ್ತೇನೆ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಅದಕ್ಕೇ ಇರಬೇಕು, ನಮ್ಮಿಬ್ಬರಿಗೆ ಸರಿಹೋಗಿದ್ದು.

ಅವಳನ್ನು ಕೆಂಗೇರಿಗೆ ಕೊಟ್ಟು ಮದುವೆ ಮಾಡಿದ್ದರು. ಗಂಡ ಕುಡಿದು ಬಂದು ಬೆಲ್ಟು ಬಿಚ್ಚುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೂ ಬೆಲ್ಟು, ಕಡಿಮೆಯಾದರೂ ಬೆಲ್ಟು. ಒಂದು ದಿನ ಒಲೆಯ ಮುಂದೆ ನಿಂತವಳ ಜಡೆ ಹಿಡಿದು ಎಳೆದ. ಕಾದ ಸಟ್ಟುಗದಿಂದ ಅವನ ಕೆನ್ನೆಗೆ ಬರೆ ಹಾಕಿ, ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ತವರಿಗೆ ಬಂದುಬಿಟ್ಟಳು. ಆಗ ಅವಳಪ್ಪ ಇನ್ನೂ ಬದುಕಿದ್ದರು. ರಾಗಿ ಹೊಲವೆಲ್ಲ ಸೈಟುಗಳಾಗಿ ಕೈಬಿಟ್ಟು ಹೋಗಿ, ಮನೆ ಮತ್ತು ಹಿತ್ತಲು ಮಾತ್ರ ಉಳಿದಿತ್ತು. ಹಿತ್ತಲ ಮೂಲೆಯಲ್ಲಿ ಶೀಟು ಹೊದಿಸಿದ ಒಂದು ಕೋಣೆ ಎಬ್ಬಿಸಿ, "ಇದು ನಿಂದು ಕಣವ್ವಾ, ಇಲ್ಲಿಂದ ನಿನ್ನ ಯಾರೂ ಎಬ್ಬಿಸಂಗಿಲ್ಲ" ಅಂದರಂತೆ. ಬಾಯಿಮಾತಿನಲ್ಲಿ ಅಂದರು, ಅಷ್ಟೇ.

ಹೆಣಿಗೆ ಕಲಿತದ್ದು ರಾಜಾಜಿನಗರದ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಆಯಾ ಕೆಲಸಕ್ಕಿದ್ದಾಗ ಒಬ್ಬ ಮುದಿ ಸಿಸ್ಟರ್ ಇವಳ ಕೈಗೆ ಐದು ಸಣ್ಣ ಉಕ್ಕಿನ ಕಡ್ಡಿ ಕೊಟ್ಟು ಕೂರಿಸಿದರಂತೆ. ಲೇಸ್ ಅಂದರೆ ತೂತುಗಳ ಲೆಕ್ಕಾಚಾರ. ದಾರವನ್ನು ಕಡ್ಡಿಗೆ ಒಂದು ಸುತ್ತು ಸುತ್ತಿದರೆ ಒಂದು ತೂತು ಹುಟ್ಟುತ್ತದೆ, ಪಕ್ಕದ ಎರಡು ಕುಣಿಕೆಗಳನ್ನು ಸೇರಿಸಿ ಒಂದು ಮಾಡಿದರೆ ಅಳತೆ ಸರಿಹೋಗುತ್ತದೆ. ಎಡಗೈ ಕುಣಿಕೆಗಳನ್ನು ಹಿಡಿದು ಒಂದೊಂದಾಗಿ ಮುಂದಕ್ಕೆ ಕೊಡಬೇಕು, ಬಲಗೈ ಹೆಣೆಯಬೇಕು. ಒಂದು ಕುಣಿಕೆ ಜಾರಿದರೂ ಎಳೆ ಎಳೆಯಾಗಿ ಬಿಡಿಸಿದ್ದ ಚಿತ್ತಾರವೆಲ್ಲ ಬಿಚ್ಚಿಕೊಂಡು ಹೋಗುತ್ತದೆ. ಬಸವೇಶ್ವರನಗರದ ಕೋಕಿಲಾ ಮೇಡಂ ಇವಳ ಕಾಲುಚೀಲಗಳನ್ನು ಕೊಂಡುಹೋಗಿ ನಾಮಕರಣ, ತೊಟ್ಟಿಲು ಶಾಸ್ತ್ರದ ಮನೆಗಳಿಗೆ ಮಾರುತ್ತಿದ್ದರು.

"ಅಲ್ಲ ಪಾಪಕ್ಕ, ದುಡ್ಡು ಕೊಟ್ಟು ತೂತಿರೋ ಕಾಲುಚೀಲ ಯಾರು ತಗೋತಾರೆ?" ಎಂದು ಹಾಲಿನವನು ರೇಗಿಸಿದರೆ, "ಬಾರೋ ಇಲ್ಲಿ, ನಿನ್ ಬಾಯೂ ಒಂದು ತೂತೇ, ಅದನ್ನ ಮುಚ್ತೀನಿ" ಅನ್ನುತ್ತಿದ್ದಳು. ನನ್ನೊಂದಿಗೆ ಮಾತ್ರ ನಿಜ ಹೇಳುತ್ತಿದ್ದಳು. "ಕೈಯಲ್ಲಿ ಕಡ್ಡಿ ಇಲ್ದಿದ್ರೆ ನಾನು ಯಾರನ್ನಾದ್ರೂ ಕೊಂದೇ ಹಾಕ್ತೀನಿ ಕಣೇ. ಇದು ಹಿಡ್ಕೊಂಡ್ರೆ ಒಳಗಡೆ ಕುದಿಯೋದು ನಿಲ್ಲುತ್ತೆ."

ಅಪ್ಪ ತೀರಿಕೊಂಡ ಮೇಲೆ ಅವಳ ತಮ್ಮ ಮುನಿರಾಜು ಬಾಲ ಬಿಚ್ಚಿದ. ಮನೆ, ಹಿತ್ತಲು ಎಲ್ಲ ಸೇರಿಸಿ ಒಬ್ಬ ಬಿಲ್ಡರ್‌ಗೆ ಕೊಡುವ ಮಾತಾಗಿತ್ತು. ಅಕ್ಕ ಹಕ್ಕು ಬಿಟ್ಟುಕೊಟ್ಟು ರಿಜಿಸ್ಟರ್ ಮಾಡಿಕೊಡದೆ ಅದು ಆಗುವಂತಿರಲಿಲ್ಲ. ನಮ್ಮ ಕಡೆ ಇದಕ್ಕೊಂದು ಚೆಂದದ ಶಾಸ್ತ್ರವಿದೆ. ಹೆಣ್ಣುಮಗಳಿಗೆ ತಟ್ಟೆಯಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ ಇಟ್ಟು ಮಡಿಲು ತುಂಬುತ್ತಾರೆ. ಅವಳು ಕಣ್ಣಿಗೊತ್ತಿಕೊಂಡು, "ನನಗೆ ತವರು ಇದ್ರೆ ಸಾಕು" ಎಂದು ಬರೆದುಕೊಡಬೇಕು. ಕೇಳಿದರೆ ಆಸೆಬುರುಕಿ, ತವರು ಮುರಿದವಳು! ಥೂ, ಒಂದು ಸೀರೆಗೆ ನೆಲವನ್ನೇ ಬರೆಸಿಕೊಳ್ಳುವ ಈ ಶಾಸ್ತ್ರಕ್ಕೆ ಬೆಂಕಿ ಬೀಳ. ಬುದ್ಧಿ ಹೇಳಲು ಬಂದ ಚಿಕ್ಕಮ್ಮಂದಿರಿಗೆ ಪಾಪಕ್ಕ ಕೇಳಿದ್ದು ಒಂದೇ ಮಾತು. "ಆ ಸೀರೆ ಉಟ್ಕೊಂಡು ನಾನು ಬಸ್‌ಸ್ಟಾಪಲ್ಲಿ ಮಲಗ್ಲಾ?"

ಒಂದು ಮಧ್ಯಾಹ್ನ ಮುನಿರಾಜು ತಾನೇ ತಟ್ಟೆ ಹಿಡಿದುಕೊಂಡು ಬಂದ. ನಾನು ಕಾಂಪೌಂಡಿನ ಈಚೆ ಬಟ್ಟೆ ಒಣಹಾಕುತ್ತಿದ್ದೆ. ಹೊಸ್ತಿಲಲ್ಲಿ ಕಾಲುಚೀಲ ಹೆಣೆಯುತ್ತ ಕೂತಿದ್ದ ಪಾಪಕ್ಕ ತಲೆ ಎತ್ತಲಿಲ್ಲ. "ಹಿಮ್ಮಡಿ ತಿರುಗಿಸ್ತಾ ಇದೀನಿ, ಎಣಿಕೆ ತಪ್ಪುತ್ತೆ. ಆಮೇಲೆ ಬಾ" ಅಂದಳು.

"ನಾನು ಬಂದು ನಿಂತ್ರೂ ನಿಂಗೆ ಈ ದಾರಾನೇ ಹೆಚ್ಚಾಯ್ತಾ ಅಕ್ಕ?"

"ನೀನು ತಂದಿರೋದಕ್ಕಿಂತ ಹೆಚ್ಚೇ."

ಅವನು ಬಾಗಿ ಕಾಲುಚೀಲಕ್ಕೆ ಕೈ ಹಾಕಿ ಕಿತ್ತ. ಕಡ್ಡಿಗಳು ನೆಲಕ್ಕೆ ಚೆಲ್ಲಿದವು, ಹೆಣಿಗೆ ಸರ್ರನೆ ಬಿಚ್ಚಿಕೊಂಡಿತು. ಪಾಪಕ್ಕ ಎದ್ದವಳೇ ತಟ್ಟೆಯನ್ನು ಎತ್ತಿ ಅವನ ಮುಖಕ್ಕೆ ಬೀಸಿದಳು. ಕುಂಕುಮ ಕಣ್ಣಿಗೆ ಹೋಯಿತು, ಬಳೆಗಳು ಚೂರಾದವು, ತೆಂಗಿನಕಾಯಿ ಅವನ ಎದೆಗೆ ಬಡಿಯಿತು. ಅರಿಶಿನ ಕುಂಕುಮ ಎಸೆದಳಲ್ಲ, ಅದು ಅವನಿಗೊಂದು ನೆಪವಾಯಿತು. ಅವಳ ತಲೆಯನ್ನು ಗೋಡೆಗೆ ಹೊಡೆದು ಕೆಡವಿ, ಎಡಗೈಯನ್ನು ಹೊಸ್ತಿಲಿಗೆ ಒತ್ತಿ ಹಿಡಿದ. ಬೆಳ್ಳುಳ್ಳಿ ಜಜ್ಜುವ ಗುಂಡುಕಲ್ಲು ಅಲ್ಲೇ ಇತ್ತು.

"ಈ ಕೈ ಇದೆ ಅಂತ ತಾನೇ ನಿಂಗೆ ಇಷ್ಟು ಕೊಬ್ಬು? ಹೆಂಗೆ ಹೆಣೀತೀಯೋ ನೋಡ್ತೀನಿ!"

ಕಲ್ಲು ಬಿದ್ದ ಸದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ನಾನು ಕಾಂಪೌಂಡು ಹಾರಿ ಓಡುವಷ್ಟರಲ್ಲಿ ಮತ್ತೆರಡು ಸಲ ಎತ್ತಿ ಹಾಕಿದ್ದ. ಕೈಯಲ್ಲಿದ್ದ ಬಕೆಟ್ಟಿನಿಂದಲೇ ಅವನ ಬುರುಡೆಗೆ ಬಾರಿಸಿದೆ. ಅವನು ತಿರುಗಿ ಒದ್ದ ಏಟಿಗೆ ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಹಣೆ ಒಡೆದುಕೊಂಡೆ. ರಕ್ತ ಯಾರದು, ಕುಂಕುಮ ಯಾವುದು ತಿಳಿಯುತ್ತಿರಲಿಲ್ಲ. ಪಾಪಕ್ಕ ಮಾತ್ರ ಒಂದು ಹನಿ ಕಣ್ಣೀರು ಹಾಕಲಿಲ್ಲ. ತುಟಿ ಕಚ್ಚಿಕೊಂಡು ಅವನನ್ನೇ ನೋಡುತ್ತಿದ್ದಳು.

ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹೆಬ್ಬೆಟ್ಟು ಸೇರಿಸಿ ಬೆರಳ ತುದಿಯವರೆಗೂ ಪ್ಲಾಸ್ಟರ್ ಹಾಕಿದರು. "ಮೂಳೆ ಕೂಡಿಸಿದೀನಮ್ಮ. ಕೈ ಅಲುಗಾಡಿಸದೆ ಇಟ್ಕೊಂಡ್ರೆ ಮತ್ತೆ ಹೆಣೀಬಹುದು. ಇನ್ನೊಂದು ಸಲ ಪೆಟ್ಟು ಬಿದ್ರೆ ನನ್ನ ಕೈಲಾಗಲ್ಲ" ಎಂದರು ಡಾಕ್ಟರು.

ಪೊಲೀಸ್ ಸ್ಟೇಷನ್ನಿಗೆ ನಡಿ ಎಂದೆ. "ಸ್ಟೇಷನ್‌ಗೆ ಹೋಗಿ ಬಂದ್ಮೇಲೆ ನಾನು ಮಲಗೋದು ಅವನ ಹಿತ್ತಲಲ್ಲೇ ತಾನೆ?" ಅಂದಳು. ಮುನಿರಾಜು ಆಗಲೇ ಅವಳ ಕೋಣೆಯ ಕಿಟಕಿಯಲ್ಲಿ ನಿಂತು ಎಚ್ಚರಿಕೆ ಕೊಟ್ಟು ಹೋಗಿದ್ದನಂತೆ, ಶುಕ್ರವಾರ ರಿಜಿಸ್ಟ್ರೇಷನ್ನು, ಬರದಿದ್ದರೆ ಇನ್ನೊಂದು ಕೈಯೂ ಇರುವುದಿಲ್ಲ ಎಂದು.

"ಬರ್ಕೊಟ್ಬಿಡ್ತೀನಿ ಲತಾ. ಮನೆ ಹೋಗ್ಲಿ. ಕೈ ಉಳಿದ್ರೆ ಲಗ್ಗೆರೆಲೋ ಎಲ್ಲೋ ಒಂದು ರೂಮ್ ಹಿಡ್ಕೊಂಡು ಹೆಣ್ಕೊಂಡಿರ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಅಷ್ಟು ದೊಡ್ಡ ಬಾಯಿ ಎಲ್ಲಿ ಹೋಯ್ತು ಅಕ್ಕ? ಟ್ಯಾಂಕರ್‌ನವನ ಹತ್ರ ಮಾತ್ರನಾ ನಿನ್ನ ಗಂಡಸುತನ?" ಎಂದು ರೇಗಿದೆ. ಅವಳು ಪ್ಲಾಸ್ಟರಿನ ಕೈಯನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ಶುಕ್ರವಾರ ನಾನೂ ಜೊತೆಗೆ ಹೋದೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಜನವೋ ಜನ. ಬಿಲ್ಡರ್ ಕಡೆಯ ಇಬ್ಬರು ಇಸ್ತ್ರಿ ಅಂಗಿಯಲ್ಲಿ ಬಂದಿದ್ದರು. ಪಾಪಕ್ಕನ ಸರದಿ ಬಂದಾಗ ಕಂಪ್ಯೂಟರ್ ಮುಂದಿದ್ದ ಹುಡುಗಿ ತಲೆಯೆತ್ತದೆ, "ಎಡಗೈ ಹೆಬ್ಬೆಟ್ಟು ಇಡಿ" ಅಂದಳು. ಮಿಷನ್ನಿನ ಮೇಲೆ ಬಂದದ್ದು ಪ್ಲಾಸ್ಟರ್. ಕುಣಿಕೆ ಹಿಡಿಯುವ ಎಡಗೈಯನ್ನು ಜಜ್ಜಿದ ಮುನಿರಾಜುವಿಗೆ ಸರ್ಕಾರ ಕೇಳುವುದೂ ಅದೇ ಕೈಯ ಹೆಬ್ಬೆಟ್ಟನ್ನು ಅನ್ನುವುದು ಮರೆತೇಹೋಗಿತ್ತು. ಕತ್ತೆ!

"ಬಲಗೈದು ತಗೊಳ್ಳಿ ಮೇಡಂ, ಅದು ಚೆನ್ನಾಗೇ ಇದೆ" ಎಂದು ಮುನ್ನುಗ್ಗಿದ. ಹುಡುಗಿ ಒಳಗೆ ಹೋಗಿ ಸಾಹೇಬರನ್ನು ಕರೆತಂದಳು. ದಿನವಿಡೀ ಕಾಗದ ನೋಡುವ ಆ ಮನುಷ್ಯ ಅವತ್ತು ಪಾಪಕ್ಕನ ಮುಖ ನೋಡಿದರು. ಹಣೆಯ ಮೇಲಿನ ಬಾವು ನೋಡಿದರು.

"ಬಲಗೈದು ತಗೋಬಹುದು. ಮೊದಲು ಹೇಳಿ ತಾಯಿ, ಇದು ಹೇಗಾಯ್ತು?"

ಪಾಪಕ್ಕ ಬಾಯಿ ತೆರೆಯುವ ಮೊದಲೇ ಮುನಿರಾಜು, "ಬಚ್ಚಲಲ್ಲಿ ಜಾರಿ ಬಿದ್ಲು ಸಾರ್, ವಯಸ್ಸಾಯ್ತಲ್ಲ" ಎಂದು ಹಲ್ಲು ಕಿರಿದ.

ಕೆಂಗೇರಿಯಲ್ಲಿ ಗಂಡ ಅವಳ ದವಡೆ ಮುರಿದಾಗಲೂ ಆಸ್ಪತ್ರೆಯಲ್ಲಿ ಅವನು ಹೇಳಿದ್ದು ಇದೇ ಮಾತಂತೆ. ಆಗ ಅವಳೂ ಹೂಂ ಎಂದು ತಲೆಯಾಡಿಸಿದ್ದಳಂತೆ. ಇದನ್ನೆಲ್ಲ ಆಮೇಲೆ ಹೇಳಿದಳು. ಅಲ್ಲಿ ನಾನು ಕಂಡದ್ದು ಅವಳ ಕತ್ತಿನ ನರ ಉಬ್ಬಿದ್ದು, ಆಮೇಲೆ ಆ ಬಿಳಿ ಕೈ ಮೇಲೆದ್ದದ್ದು. ಪ್ಲಾಸ್ಟರ್ ಸಮೇತ ಅವನ ಬಾಯಿಗೆ ಬಿಗಿದಳು. ಹಲ್ಲು ಕಿತ್ತು ಕಂಪ್ಯೂಟರ್ ಮೇಜಿನ ಮೇಲೆ ಬಿತ್ತು.

"ಬಚ್ಚಲಲ್ಲಿ ಬಿದ್ನಾ? ಬಿದ್ನೇನೋ ನಾನು?" ಮತ್ತೆ ಬಿಗಿದಳು. "ಇವನು ಸಾರ್! ನನ್ನ ಒಡಹುಟ್ಟಿದೋನು! ಕಲ್ಲಲ್ಲಿ ಜಜ್ಜಿ ಕರ್ಕೊಂಡು ಬಂದಿದಾನೆ!" ಪ್ಲಾಸ್ಟರ್ ಬಿರುಕುಬಿಟ್ಟು ಚಕ್ಕೆ ಚಕ್ಕೆ ಉದುರುತ್ತಿತ್ತು. ನಾನು ಸೊಂಟ ಹಿಡಿದು ಎಳೆದರೂ ನಿಲ್ಲಲಿಲ್ಲ. ಮೂಗು ಒಡೆದು ಕೆಳಗೆ ಬಿದ್ದವನ ಮೇಲೆ ಕೂತು ಹೊಡೆದಳು. ಇಬ್ಬರು ಪೊಲೀಸರು ಬಂದು ಬಿಡಿಸುವಾಗ ಅವಳ ಕೈಯಿಂದಲೂ ರಕ್ತ ಸುರಿಯುತ್ತಿತ್ತು. ಸಾಹೇಬರು ರಿಜಿಸ್ಟರ್ ಮಾಡದೆ ಪತ್ರ ವಾಪಸು ಮಾಡಿದರು. ಇಸ್ತ್ರಿ ಅಂಗಿಯವರು ಯಾವಾಗ ಮಾಯವಾದರೋ ಯಾರೂ ನೋಡಲಿಲ್ಲ.

ಕೇಸು ನಡೆಯುತ್ತಿದೆ, ಇಬ್ಬರ ಮೇಲೂ. ಮುನಿರಾಜು ಜಾಮೀನಿನಲ್ಲಿ ಹೊರಗಿದ್ದಾನೆ, ಹಿತ್ತಲ ಕಡೆ ತಲೆ ಹಾಕಿಲ್ಲ. ಜಾಗ ಕೊಳ್ಳಲು ಯಾರೂ ಬರುತ್ತಿಲ್ಲ. ಶೀಟಿನ ಕೋಣೆಯಲ್ಲಿ ಪಾಪಕ್ಕ ಇದ್ದಾಳೆ. ಎಡಗೈಯ ಮೂರು ಬೆರಳು ಮಡಚುವುದಿಲ್ಲ, ಹೆಬ್ಬೆಟ್ಟಿಗೆ ಸ್ಪರ್ಶವೇ ಇಲ್ಲ. ಅವಳ ಜಡೆಯನ್ನು ನಾನೇ ಹಾಕುತ್ತೇನೆ.

ಮೊನ್ನೆ ಸಂಜೆ ಹೋದಾಗ ಕಡ್ಡಿಗಳನ್ನು ಹೊರಗೆ ತೆಗೆದಿದ್ದಳು. ಸೆಟೆದ ಬೆರಳುಗಳ ನಡುವೆ ಒಂದನ್ನು ಸಿಕ್ಕಿಸಿಕೊಂಡು ದಾರ ಹಾಕುತ್ತಿದ್ದಳು. ಕಡ್ಡಿ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು.

"ಬಿಡು ಅಕ್ಕ. ಅವನಿಗೆ ಹಂಗೇ ಆಗ್ಬೇಕಿತ್ತು. ಮನೆ ಉಳೀತಲ್ಲ" ಅಂದೆ.

"ಹೊಡೆದಿದ್ದಕ್ಕೆ ನಂಗೇನೂ ಬೇಜಾರಿಲ್ಲ ಕಣೇ" ಅಂದಳು. ಕಡ್ಡಿಯನ್ನು ಎತ್ತಲು ಹೋದವಳು ಎತ್ತದೆ ಹಾಗೇ ಕೂತಳು. "ಬಲಗೈ ಸುಮ್ನೆ ಇತ್ತಲ್ಲೇ ಲತಾ. ಅದ್ರಲ್ಲಿ ಹೊಡೀಬೇಕಿತ್ತು."

ಆಮೇಲೆ ಅತ್ತಳು ನೋಡಿ, ಬೀದಿಯವರೆಲ್ಲ ಬಾಗಿಲಿಗೆ ಬರುವ ಹಾಗೆ.