ಇಂದು ಬೆಳಿಗ್ಗೆ ಕಂಡದ್ದು

“ತಂಗೀ, ಚಿಂತಿ ಮಾಡಬ್ಯಾಡ್ರಿ. ಒಂದಿಲ್ಲೊಂದು ದಿನ ಈ ಹಲಗಿ ಮ್ಯಾಲ ಚಿರತಿ ಅಂತ ಬರೀತೀನಿ. ಬರಿಯೂದಕ್ಕ ಮೊದಲ ನಿಮ್ಮನ್ನ ಕರಕೊಂಡು ಹೋಗಿ ತೋರಸ್ತೀನಿ. ಇದು ನನ್ನ ಮಾತು.”

1974ರ ಜೂನ್ ತಿಂಗಳಲ್ಲಿ, ಹೆಸರಘಟ್ಟ ರಸ್ತೆಯ ‘ವನಶೋಭಾ ಸಫಾರಿ ಹೋಟೆಲಿ’ನ ಸ್ವಾಗತದ ಮೇಜಿಗೆ ನಾನು ಸೇರಿದ ಮೂರನೆಯ ದಿನ, ಚಿರತೆ ಕಾಣಲಿಲ್ಲವೆಂದು ಆರ್.ಟಿ. ನಗರದ ಕುಟುಂಬವೊಂದು ನನ್ನ ಮೇಲೆ ಕೂಗಾಡಿ ಹೊರಟುಹೋದ ಮೇಲೆ, ಶ್ರೀ ನಾಗಲಿಂಗಪ್ಪ ಮುಂಡರಗಿಯವರು ನನಗೆ ಕೊಟ್ಟ ಮಾತು ಇದು. ಹದಿನೈದು ವರ್ಷ ನಮ್ಮ ಅತಿಥಿಗಳಿಗೆ ಪ್ರಾಣಿ ಪಕ್ಷಿಗಳನ್ನು ತೋರಿಸಿದ ಈ ಹಿರಿಯರು ಇದೀಗ ನಿವೃತ್ತರಾಗಿದ್ದಾರೆ; ಈ ಅಭಿನಂದನ ಸಂಪುಟ ಅವರಿಗಾಗಿ. ವನ್ಯಜೀವಿಗಳನ್ನು ಹಿಡಿದವರು, ಹೊಡೆದವರು, ಫೋಟೋ ತೆಗೆದವರು ನಮ್ಮಲ್ಲಿ ಅನೇಕರಿದ್ದಾರೆ; ಆದರೆ ಒಂದು ಮೊಲವನ್ನು ಕಂಡು, ಒಂದು ಮೊಲವನ್ನು ಕಂಡೆನೆಂದಷ್ಟೇ ಹೇಳಿ, ಕೇಳಿದವರಿಗೆ ಅದೇ ಸಾಕೆನ್ನಿಸುವಂತೆ ಮಾಡಬಲ್ಲವರ ಸಾಲಿನಲ್ಲಿ ನಾಗಲಿಂಗಪ್ಪನವರದು ಮೊದಲ ಹೆಸರು. ಆ ಸಾಲಿನಲ್ಲಿ ಎರಡನೆಯವರು ಯಾರೆಂದು ನನಗೆ ಇನ್ನೂ ತಿಳಿದಿಲ್ಲ.

ಗದಗಿನ ಕಡೆಯ ಕಾಡಿನಲ್ಲಿ ಕಾವಲುಗಾರರಾಗಿದ್ದ ಅವರನ್ನು ನಮ್ಮ ಮಾಲೀಕರಾದ ಶ್ರೀ ಶೇಷಗಿರಿಯವರು ಕರೆತಂದರು. ಯಶವಂತಪುರದಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ಶೇಷಗಿರಿಯವರಿಗೆ ಆಫ್ರಿಕಾದ ಮೇಲೆ ಅಪಾರ ಪ್ರೀತಿ. ಬಾಗಲಗುಂಟೆ ದಾಟಿದ ಮೇಲೆ ಸಿಗುವ ಬಂಡೆಗುಡ್ಡದ ಬುಡದಲ್ಲಿ ಹನ್ನೆರಡು ಹುಲ್ಲುಛಾವಣಿಯ ಗುಡಿಸಲು ಕಟ್ಟಿಸಿ ಅವಕ್ಕೆ ಸಿಂಹ, ಜಿರಾಫೆ, ನೀರಾನೆ ಎಂದೆಲ್ಲ ಹೆಸರಿಟ್ಟರು. ಬಾಗಿಲಲ್ಲಿ ಸಿಮೆಂಟಿನ ಚಿರತೆ ಕೂರಿಸಿದರು. ಸಪ್ಲೈಯರುಗಳಿಗೆ ಖಾಕಿ ಟೋಪಿ ಬಂತು. “ಜಿರಾಫೆಗೆ ಎರಡು ಉಪ್ಪಿಟ್ಟು, ಒಂದು ಕಾಫಿ!” ಎಂಬ ಕೂಗು ಕೇಳಿ ಹೊಸ ಅತಿಥಿಗಳು ಬೆಚ್ಚುತ್ತಿದ್ದುದುಂಟು.

ಇದೆಲ್ಲದರ ನಡುವೆ ನಿಜವಾಗಿದ್ದದ್ದು ಗುಡ್ಡದ ಬುಡದ ನೀರಿನ ಹೊಂಡ ಮತ್ತು ಅದರ ಸುತ್ತ ನಾಗಲಿಂಗಪ್ಪನವರು ತಾವೇ ಹಾಸಿದ ಮರಳಿನ ಪಟ್ಟಿ. ಪ್ರತಿ ಸಂಜೆ ಆ ಮರಳನ್ನು ಪೊರಕೆಯಿಂದ ಗುಡಿಸಿ ನಯ ಮಾಡುವುದು, ಬೆಳಿಗ್ಗೆ ಅದರ ಮೇಲೆ ಮೂಡಿದ ಹೆಜ್ಜೆಗಳನ್ನು ಓದುವುದು, ಓದಿದ್ದನ್ನು ನನ್ನ ಮೇಜಿನ ಪಕ್ಕದ ಕರಿಹಲಗೆಯ ಮೇಲೆ ‘ಇಂದು ಬೆಳಿಗ್ಗೆ ಕಂಡದ್ದು’ ಎಂಬ ತಲೆಬರಹದ ಕೆಳಗೆ ಬರೆಯುವುದು ಅವರ ವ್ರತವಾಗಿತ್ತು. “ಮೊಲ ಎರಡು. ನವಿಲು ಐದು. ಮುಂಗುಸಿ ಹೆಜ್ಜೆ. ನರಿ ಕೇಳಿಸಿತು, ಕಾಣಲಿಲ್ಲ.” ಇಷ್ಟೇ. ಇಲ್ಲದ್ದನ್ನು ಒಂದು ದಿನವೂ ಬರೆದವರಲ್ಲ.

ಇದರಿಂದ ನಮಗೆ ಆಗುತ್ತಿದ್ದ ಅವಮಾನ ಅಷ್ಟಿಷ್ಟಲ್ಲ. ಬಾಗಲಗುಂಟೆಯಿಂದ ಹಾಲು ತರುತ್ತಿದ್ದ ದ್ರೌಪದಮ್ಮ ಹಲಗೆಯಲ್ಲಿ ಏನಿದೆಯೆಂದು ನನ್ನಿಂದ ಓದಿಸಿಕೊಂಡು ನಗುತ್ತಿದ್ದಳು: “ಅಯ್ಯೋ ಕೃಷ್ಣವೇಣಮ್ಮ, ಮೊಲ ನೋಡಕ್ಕೆ ಕಾಸು ಕೊಟ್ಟು ಬತ್ತಾರಾ? ನಮ್ಮ ಒಲಕ್ಕೆ ಬರೇಳಿ, ಓಡ್ಸೋ ಕೆಲ್ಸಾನೂ ಕೊಡ್ತೀನಿ!”

ಮಾಲೀಕರಿಗೆ ಅದು ನಗುವ ವಿಷಯವಾಗಿರಲಿಲ್ಲ. “ಏನ್ರೀ ನಾಗಲಿಂಗಪ್ಪ, ಒಂದ್ಸಲ ಚಿರತೆ ಅಂತ ಬರೆದ್ರೆ ನಿಮ್ಮ ಗಂಟೇನ್ ಹೋಗುತ್ತೆ? ಸೀಮೆಸುಣ್ಣ ನಂದೇ ಅಲ್ವಾ?”

“ಸುಣ್ಣ ನಿಮ್ಮದ ಐತ್ರಿ ಸಾಹೇಬ್ರ. ಕಣ್ಣು ನಂದು.”

ಅವರ ಉಪಕಾರಗಳಲ್ಲಿ ಒಂದನ್ನಾದರೂ ಇಲ್ಲಿ ಹೇಳದಿದ್ದರೆ ತಪ್ಪಾದೀತು. 1979ರಲ್ಲಿ ನನ್ನ ಇಬ್ಬರು ಮಕ್ಕಳಿಗೂ ಒಟ್ಟಿಗೆ ದಡಾರ ಬಂದು ನಾನು ಹನ್ನೊಂದು ದಿನ ಮನೆಯಲ್ಲೇ ಉಳಿದಾಗ, ನನ್ನ ಕೆಲಸ ಹೋಗದಂತೆ ಅವರೇ ಸ್ವಾಗತದ ಮೇಜಿಗೆ ಕೂತರು. ಟೆಲಿಫೋನ್ ಎತ್ತಿ, “ಹಲೋ, ಇವತ್ತ ಬರೇ ಮೊಲ ಅದಾವ್ರಿ, ನಾಳೆ ಬಂದ್ರ ನಡೀತದ” ಎನ್ನುತ್ತಿದ್ದರಂತೆ. ನಾನು ಮರಳಿ ಬಂದಾಗ ಮೇಜು ಇತ್ತು, ಕೆಲಸ ಇತ್ತು, ಮುಂಗಡ ಕಾದಿರಿಸಿದವರು ಮಾತ್ರ ಒಬ್ಬರೂ ಇರಲಿಲ್ಲ.

1983ರ ಆರಂಭಕ್ಕೆ ಹನ್ನೆರಡು ಗುಡಿಸಲುಗಳಲ್ಲಿ ಒಂಬತ್ತು ಖಾಲಿ ಬಿದ್ದವು. ಗುಡ್ಡವನ್ನು ಜಲ್ಲಿಗೆ ಕೇಳಿಕೊಂಡು ಕ್ವಾರಿಯವರು ಬಂದುಹೋದರು. ಶೇಷಗಿರಿಯವರು ನೌಕರರಾದ ನಮ್ಮ ಎಂಟು ಮಂದಿಯನ್ನೂ ನಿಲ್ಲಿಸಿಕೊಂಡು ಹೇಳಿದರು: “ಯುಗಾದಿವರೆಗೂ ನೋಡ್ತೀನಿ. ಚಿರತೆ ಇದೆ ಅಂತ ಒಂದು ಗುರುತು ಸಿಕ್ರೆ ಸಾಕು, ಮೇಕೆ ಕಟ್ಟಿಸ್ತೀನಿ, ಜನ ತಾನಾಗೇ ಬರ್ತಾರೆ. ಇಲ್ಲಾಂದ್ರೆ ಮಾರ್ಬಿಡ್ತೀನಿ ಕಣ್ರೀ, ಬೇಜಾರ್ ಮಾಡ್ಕೋಬೇಡಿ.” ಶಾಲೆಗೆ ಹೋಗುವ ಇಬ್ಬರು ಮಕ್ಕಳನ್ನು ಇಟ್ಟುಕೊಂಡು ಮತ್ತೊಂದು ಕೆಲಸ ಹುಡುಕುವ ಚೈತನ್ಯ ನನ್ನಲ್ಲಿರಲಿಲ್ಲ. ಅಂದಿನಿಂದ ದಿನವೂ ಮೊದಲ ಬಸ್ಸಿಗೇ ಬಂದು, ಹಲಗೆ ನೋಡಿ, ನಿಟ್ಟುಸಿರು ಬಿಟ್ಟು ಕೂರುತ್ತಿದ್ದೆ.

ಯುಗಾದಿಗೆ ಹತ್ತು ದಿನವಿರುವಾಗ ಒಂದು ಬೆಳಿಗ್ಗೆ ಹಲಗೆ ಖಾಲಿಯಾಗಿತ್ತು. ಹೊಂಡದ ಬಳಿ ಹೋಗಿ ನೋಡಿದರೆ ನಾಗಲಿಂಗಪ್ಪನವರು ಪೊರಕೆ ಹಿಡಿದು ಮರಳು ಗುಡಿಸುತ್ತಿದ್ದರು. ಸಂಜೆ ಮಾತ್ರ ಗುಡಿಸುವವರು ಬೆಳಿಗ್ಗೆ ಗುಡಿಸುತ್ತಿದ್ದಾರೆಂದರೆ ಏನೋ ಇದೆಯೆಂದು ನನಗೆ ಕೂಡಲೇ ಹೊಳೆಯಿತು. ನನ್ನನ್ನು ಕಂಡು ಅವರು ಪೊರಕೆ ಕೆಳಗಿಟ್ಟು, ಇನ್ನೂ ಅಳಿಸದ ಒಂದು ಮೂಲೆಯನ್ನು ತೋರಿಸಿದರು. ಅಂಗೈಯಗಲದ, ಉಗುರಿನ ಗೆರೆಯಿಲ್ಲದ ದುಂಡು ಹೆಜ್ಜೆ. ಅದರ ಪಕ್ಕದಲ್ಲೇ ಬಾಟಲಿಯ ಮುಚ್ಚಳದಷ್ಟು ಚಿಕ್ಕ ಹೆಜ್ಜೆಗಳು.

“ತಾಯಿ, ಮರಿ. ಗುಡ್ಡದಾಗ ಅದಾವ,” ಎಂದರು. “ಬರದ್ರ ಸಾಹೇಬ್ರು ಮೇಕಿ ಕಟ್ಟಸ್ತಾರ. ಮೇಕಿ ಕಟ್ಟಿದ್ರ ಬಂದೂಕಿನವ್ರೂ ಬರ್ತಾರ. ಆದ್ರ ತಂಗೀ, ನಿಮಗ ಮಾತು ಕೊಟ್ಟೀನಿ. ಮನಿಯೊಳಗ ಎರಡು ಕೂಸು ಇಟ್ಟಕೊಂಡೀರಿ. ಬರಿ ಅಂದ್ರ ಈಗಿಂದೀಗ ಬರೀತೀನಿ.”

ಜೇಬಿನಿಂದ ಸೀಮೆಸುಣ್ಣ ತೆಗೆದು ಕೈಯಲ್ಲಿ ಹಿಡಿದು ನಿಂತರು. ನಾನು ಬಹಳ ಹೊತ್ತು ಆ ಪುಟ್ಟ ಹೆಜ್ಜೆಗಳನ್ನೇ ನೋಡಿದೆ. ಎರಡು ಕಡೆ ಮರಿ ಹಿಂದೆ ಬಿದ್ದಿತ್ತು, ತಾಯಿ ನಿಂತು ಕಾದಿತ್ತು. ಅಷ್ಟು ಓದುವುದನ್ನು ಅವರೇ ನನಗೆ ಕಲಿಸಿದ್ದರು.

“ಮೊಲ ಎಷ್ಟು ಬಂದಿದ್ವು ಸಾರ್?” ಎಂದು ಕೇಳಿದೆ.

“ನಾಕು.”

“ಹಾಗಾದ್ರೆ ನಾಲ್ಕು ಅಂತ ಬರೀರಿ,” ಎಂದು ಪೊರಕೆ ಎತ್ತಿಕೊಂಡು ಉಳಿದ ಮೂಲೆಯನ್ನು ನಾನೇ ಗುಡಿಸಿದೆ.

ಅದೇ ದಿನ ನಾಗಲಿಂಗಪ್ಪನವರು ಮಾಲೀಕರ ಬಳಿ ಹೋಗಿ ಇನ್ನೊಂದು ವರ್ಷದ ಗಡುವು ಬೇಡಿ ಪಡೆದರು. ಆಮೇಲೆ ಯಲಹಂಕ, ಹೆಬ್ಬಾಳ, ಕೋಗಿಲು ಎಂದು ಸೈಕಲ್ ತುಳಿದು ಶಾಲೆಶಾಲೆಗೆ ಹೋಗಿ ಮೇಷ್ಟ್ರುಗಳನ್ನು ಕರೆದರು. ಭಾನುವಾರಗಳಂದು ಮಕ್ಕಳು ಬಂದು ಮರಳಿನ ಪಟ್ಟಿಯ ಸುತ್ತ ಕುಕ್ಕರುಗಾಲಲ್ಲಿ ಕೂತು, ಯಾವ ಪ್ರಾಣಿ ಬಂತು, ಯಾವುದು ಹೆದರಿತು, ಯಾವುದು ಓಡಿತು ಎಂದು ಓದತೊಡಗಿದರು. ಓದಿದವರು ಮುಂದಿನ ವಾರ ಅಪ್ಪ ಅಮ್ಮನನ್ನೂ ಎಳೆದುತಂದರು. “ಮೊಲ ಅಂದ್ರೆ ಮೊಲವೇ ಇರುತ್ತಂತೆ, ಅದಕ್ಕೇ ಬಂದ್ವಿ” ಎಂದವರೂ ಉಂಟು. ಹೋಟೆಲು ದೊಡ್ಡದಾಗಲಿಲ್ಲ, ‘ಸಿಂಹ’ ಈಗ ಉಗ್ರಾಣವಾಗಿದೆ, ‘ನೀರಾನೆ’ಯ ಛಾವಣಿ ಸೋರುತ್ತದೆ. ಆದರೂ ಮುಚ್ಚಲಿಲ್ಲ, ಗುಡ್ಡ ಜಲ್ಲಿಯಾಗಲಿಲ್ಲ. ನನ್ನ ಮಗಳು ಈ ವರ್ಷ ಪಿ.ಯು.ಸಿ. ಮುಗಿಸಿದಳು.

ಇದನ್ನು ಇಲ್ಲಿ ಬರೆಯಲೇ ಎಂದು ಹೋದ ವಾರ ಅವರನ್ನೇ ಕೇಳಿದೆ. “ಬರೀರಿ, ತಾಯಿ ಮರಿ ಯಾವಾಗೋ ಗುಡ್ಡ ದಾಟ್ಯಾವ. ಸಾಹೇಬ್ರು ಬೈದ್ರ ನಾ ರಿಟೈರ್ ಆಗೀನಿ ಅನ್ನರಿ,” ಎಂದು ನಕ್ಕರು. ಶೇಷಗಿರಿಯವರು ಈ ಸಂಗತಿಯನ್ನು ಈ ಸಂಪುಟದಲ್ಲಿಯೇ ಮೊದಲ ಬಾರಿಗೆ ಓದಲಿದ್ದಾರೆ. ಅವರು ದೊಡ್ಡ ಮನಸ್ಸು ಮಾಡಬೇಕೆಂದು ಬೇಡುತ್ತೇನೆ.

ಪೂಜ್ಯ ನಾಗಲಿಂಗಪ್ಪನವರಿಗೆ ಆಯುರಾರೋಗ್ಯ ಕೂಡಿಬರಲಿ, ಕಣ್ಣಿನ ದೃಷ್ಟಿ ಹೀಗೇ ಚುರುಕಾಗಿರಲಿ. ಭಾನುವಾರದ ಮಕ್ಕಳ ಪಾಠಕ್ಕಾದರೂ ಅವರು ತಪ್ಪದೆ ಬರುತ್ತಿರಲಿ. ಅವರು ಕೆಲಸ ಬಿಟ್ಟ ದಿನ ಹಲಗೆಯ ಮೇಲೆ ‘ಮೊಲ ಮೂರು, ನವಿಲು ಒಂದು’ ಎಂದಿತ್ತು. ಈ ಹದಿನೈದು ವರ್ಷಗಳಲ್ಲಿ ಚಿರತೆ ಎಂದು ಅವರು ಒಮ್ಮೆಯೂ ಬರೆಯಲಿಲ್ಲ. ನನಗೆ ಕೊಟ್ಟ ಮಾತನ್ನು ಅವರು ನಡೆಸಲಿಲ್ಲ.